ಪೆನ್ಷನ್ ಲೆಕ್ಕ, ತೋಟದ ಕೂಲಿ ಮತ್ತು ಆಸ್ತಿ ಅಂತರ

ರಮೇಶಣ್ಣ, ನೀವು ಕೇಳಿದ್ದು ಎರಡು. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯೂರಿಟಿ, ಅಂದರೆ ಸರ್ಕಾರ ಕೊಡುವ ಪೆನ್ಷನ್, ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಸಿಗುವಾಗ ಬಿಳಿಯರಿಗೂ ಕಪ್ಪು ಜನರಿಗೂ ಆಸ್ತಿಯಲ್ಲಿ ಇಷ್ಟು ಅಂತರ ಯಾಕೆ? ನಿಮ್ಮ ಅಲ್ಲಿನ ತೋಟದ ಆಳಿಗೆ ನಗದು ಕೊಟ್ಟು ಸುಮ್ಮನಿರಬಹುದಾ?

ಮೊದಲು ಹಳೇ ಕಥೆ. ಈ ಪೆನ್ಷನ್ ತಂದ 1935ರ ಕಾಯ್ದೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ದುಡಿಯುತ್ತಿದ್ದ ಕಪ್ಪು ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಇದ್ದದ್ದೇ ಈ ಕೆಲಸಗಳಲ್ಲಿ. ಬೇಕಂತಲೇ ಮಾಡಿದರೋ, ತೆರಿಗೆ ವಸೂಲಿ ಕಷ್ಟ ಅಂತಲೋ, ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. 1950 ಮತ್ತು 1954ರ ತಿದ್ದುಪಡಿಗಳಿಂದ ಬಹಳಷ್ಟು ಮಂದಿ ಒಳಗೆ ಬಂದರು.

ಈಗಿನ ಲೆಕ್ಕ ಕಡಿಮೆ ಸಂಬಳದವರ ಪರವಾಗಿಯೇ ಇದೆ. 2025ರಲ್ಲಿ 62 ತುಂಬಿದವರಿಗೆ ತಿಂಗಳ ಸರಾಸರಿ ಗಳಿಕೆಯ ಮೊದಲ 1,226 ಡಾಲರ್‌ಗೆ ಶೇ. 90, ಅಲ್ಲಿಂದ 7,391ರವರೆಗೆ ಶೇ. 32, ಅದರ ಮೇಲೆ ಶೇ. 15. ಸರಾಸರಿ 2,000 ಇದ್ದವರಿಗೆ ಸುಮಾರು 1,350, 6,000 ಇದ್ದವರಿಗೆ ಸುಮಾರು 2,630. ಗಳಿಕೆ ಮೂರು ಪಟ್ಟು, ಪೆನ್ಷನ್ ಎರಡು ಪಟ್ಟೂ ಇಲ್ಲ! ಆದರೆ ಸರಾಸರಿ ತೆಗೆಯೋದು 35 ವರ್ಷಕ್ಕೆ. ಕೆಲಸ ಸಿಗದ ವರ್ಷ, ದಾಖಲೆ ಇಲ್ಲದ ಕೂಲಿಯ ವರ್ಷ, ಎಲ್ಲ ಸೊನ್ನೆ. ಕಪ್ಪು ಜನರಲ್ಲಿ ನಿರುದ್ಯೋಗ ದಶಕಗಳಿಂದ ಹೆಚ್ಚು, ಸರಾಸರಿ ಆಯಸ್ಸು ಕಡಿಮೆ. ಹಾಗಾಗಿ ಒಳ್ಳೇ ಸೂತ್ರದ ಲಾಭ ಅಷ್ಟಿಷ್ಟು ಸೋರಿಹೋಗುತ್ತೆ.

ಇನ್ನು ಆಸ್ತಿ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಲ್ಲಿ ಕುಟುಂಬಗಳನ್ನು ಸಾಲಾಗಿ ನಿಲ್ಲಿಸಿದರೆ ಮಧ್ಯದ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಮುಂದೆ ಬರುವ ಪೆನ್ಷನ್ನಿನ ಬೆಲೆ ಇದರಲ್ಲಿ ಸೇರಿಲ್ಲ. ಸೇರಿಸಿದರೆ ಅನುಪಾತದ ಅಂತರ ಚೆನ್ನಾಗಿಯೇ ಇಳಿಯುತ್ತೆ. ಕೆಲವರು ಅದನ್ನೇ ಹಿಡಿದು ಸಮಸ್ಯೆ ದೊಡ್ಡದಲ್ಲ ಅಂತಾರೆ. ನಾನು ಒಪ್ಪಲ್ಲ. ಪೆನ್ಷನ್ ಅಡವಿಟ್ಟು ಸಾಲ ತೆಗೆಯೋಕಾಗಲ್ಲ. ಗಂಡ-ಹೆಂಡತಿಗೆ, ಚಿಕ್ಕ ಮಕ್ಕಳಿಗೆ ಸ್ವಲ್ಪ ಹೋಗುತ್ತೆ ನಿಜ, ಬೆಳೆದ ಮಗನಿಗೆ ಸಾಮಾನ್ಯವಾಗಿ ಏನೂ ಇಲ್ಲ. ಮನೆ, ಜಮೀನು ಹಾಗಲ್ವಲ್ಲ! ಪೆನ್ಷನ್ ಮುಪ್ಪಿನ ಊಟದ ಮಟ್ಟಿಗೆ ಅಂತರ ಕಮ್ಮಿ ಮಾಡುತ್ತೆ, ಮುಂದಿನ ತಲೆಮಾರಿಗೆ ಅಲ್ಲ.

ನಿಮ್ಮ ಆಳಿನ ವಿಷಯ: ಒಬ್ಬರಿಗೆ ವರ್ಷಕ್ಕೆ 150 ಡಾಲರ್ ನಗದು ಕೂಲಿ ಕೊಟ್ಟರೆ, ಅಥವಾ ತೋಟದ ಕೂಲಿಯ ಒಟ್ಟು ಖರ್ಚು 2,500 ಮುಟ್ಟಿದರೆ, ಸಾಮಾನ್ಯವಾಗಿ ತೆರಿಗೆ ಹಿಡಿಯಲೇಬೇಕು. ಸೋಷಿಯಲ್ ಸೆಕ್ಯೂರಿಟಿಗೆ ಅವರಿಂದ ಶೇ. 6.2, ನಿಮ್ಮಿಂದ ಅಷ್ಟೇ, ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ತೆರಿಗೆ ಬೇರೆ. "ಹಿಡೀಬೇಡಿ ಸಾರ್" ಅಂತ ಅವರೇ ಅಂದರೂ ಕೇಳಬೇಡಿ. ಪೆನ್ಷನ್ ಸಿಗೋಕೆ 40 ಕ್ರೆಡಿಟ್, ಅಂದರೆ ಕಡಿಮೆ ಅಂದರೂ ಹತ್ತು ವರ್ಷದ ದಾಖಲೆ ಬೇಕು. ಅವರ ಗಳಿಕೆಯ ದಾಖಲೆಯನ್ನು ಆನ್‌ಲೈನ್‌ನಲ್ಲಿ ಒಮ್ಮೆ ತೆಗೆದು ನೋಡೋಕೆ ಹೇಳಿ.