ನಿಮ್ಮ ಲೇಖನದ ಜೀವ ಏಳನೇ ಪುಟದಲ್ಲಿದೆ

ನಮಸ್ಕಾರ.

ದೀಪಾವಳಿ ವಿಶೇಷಾಂಕಕ್ಕೆಂದು ನೀವು ಕಳಿಸಿದ ‘ಹೈಬ್ರಿಡ್ ವಾಹನಗಳ ಮಾದರೀಕರಣ ಮತ್ತು ಡೀಸೆಲ್ ಹೊಗೆ ನಿಯಂತ್ರಣ’ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ಕೆಲವು ಭಾಗಗಳನ್ನು ಮತ್ತೆ ಮತ್ತೆ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಬರೆದುಕೊಟ್ಟರೆ ಖಂಡಿತ ಹಾಕುತ್ತೇವೆ, ಹಾಕಬೇಕೆಂಬ ಆಸೆ ನನಗೇ ಇದೆ. ಪುಣೆಯ ಚಿಂಚ್‌ವಡದಲ್ಲಿ ಎಂಜಿನ್ ಟೆಸ್ಟ್ ಬೆಡ್ಡಿನ ಪಕ್ಕ ದಿನವಿಡೀ ಕ್ಯಾಲಿಬ್ರೇಶನ್, ಅಂದರೆ ಎಂಜಿನ್ನಿನ ನಿಯಂತ್ರಣದ ಅಳತೆ ಹೊಂದಿಸುವ ಕೆಲಸ, ಮಾಡುವವರೊಬ್ಬರು ಆ ಕೆಲಸವನ್ನು ಕನ್ನಡದಲ್ಲಿ ಹೇಳಲು ಕೂತಿದ್ದಾರೆ ಅಂದರೆ ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಹಾಗಾಗಿ ಅನಿಸಿದ್ದನ್ನು ಬಿಚ್ಚಿ ಹೇಳುತ್ತೇನೆ.

ಮೊದಲ ಮೂರು ಪ್ಯಾರಾ ತೆಗೆದುಬಿಡಿ. ರುಡಾಲ್ಫ್ ಡೀಸೆಲ್‌ನ ಜೀವನ, ಭೂಮಿಯ ಬಿಸಿ ಏರುತ್ತಿರುವುದು, ‘ಇಂದಿನ ಆಧುನಿಕ ಯುಗದಲ್ಲಿ ವಾಹನಗಳು ಅನಿವಾರ್ಯ’ ಎಂಬ ಮಾತು, ಇವನ್ನು ಯಾರು ಬೇಕಾದರೂ ಬರೆಯಬಹುದು. ನೀವು ಮಾತ್ರ ಬರೆಯಬಲ್ಲ ಮಾತು ಏಳನೇ ಪುಟದ ನಡುವೆ ಎಲ್ಲೋ ಹೂತುಹೋಗಿದೆ: ‘ಎಂಜಿನ್ ಪದೇ ಪದೇ ನಿಲ್ಲುವುದರಿಂದ ಕ್ಯಾಟಲಿಸ್ಟ್ ತಣ್ಣಗಾಗಿ ನಾಕ್ಸ್ ಪ್ರಮಾಣ ಹೆಚ್ಚುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು.’ ಇಷ್ಟು ಹೇಳಿ ಮುಂದಿನ ಸಾಲಿನಲ್ಲೇ ಬ್ಯಾಟರಿಯ ಒಳರೋಧಕ್ಕೆ ಹಾರಿದ್ದೀರಿ. ಇಡೀ ಲೇಖನ ಇರುವುದೇ ಆ ಒಂದು ವಾಕ್ಯದಲ್ಲಿ. ಅದನ್ನು ಮೊದಲ ಪುಟಕ್ಕೆ ತಂದು ನಿಲ್ಲಿಸಿ.

ಅದು ಯಾಕೆ ಮುಖ್ಯ ಎನ್ನುವುದನ್ನು ಒಬ್ಬ ಓದುಗನಾಗಿ ನಾನು ಹೀಗೆ ಅರ್ಥ ಮಾಡಿಕೊಂಡೆ. ನಾಕ್ಸ್ ಎಂದರೆ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು, ಕ್ಯಾಟಲಿಸ್ಟ್ ಎಂದರೆ ಹೊಗೆ ಪೈಪಿನಲ್ಲಿ ಕೂತು ಅವನ್ನು ಕಳೆಯುವ ಭಾಗ. ಡೀಸೆಲ್ ಎಂಜಿನ್ನಿಗೆ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಹೋಗುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿರುವುದರಿಂದ ಪೆಟ್ರೋಲ್ ಕಾರಿನ ತ್ರೀ-ವೇ ಕ್ಯಾಟಲಿಸ್ಟ್ ಇಲ್ಲಿ ನಾಕ್ಸ್ ಕಳೆಯಲಾರದು. ಅದಕ್ಕೇ ಯೂರಿಯಾ ಬೇಕಾಗುತ್ತದೆ. ನೂರಕ್ಕೆ 32.5 ಪಾಲು ಯೂರಿಯಾ ಇರುವ ದ್ರಾವಣವನ್ನು ಬಿಸಿ ಹೊಗೆಗೆ ಸಿಂಪಡಿಸಿದರೆ ಅಮೋನಿಯಾ ಹುಟ್ಟುತ್ತದೆ, ಆ ಅಮೋನಿಯಾ ಕ್ಯಾಟಲಿಸ್ಟ್ ಮೇಲೆ ನಾಕ್ಸನ್ನು ಸಾರಜನಕ ಮತ್ತು ನೀರಾಗಿ ಒಡೆಯುತ್ತದೆ. ಆದರೆ ಹೊಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಅವಸರಪಟ್ಟು ಸಿಂಪಡಿಸಿದರೆ ಯೂರಿಯಾ ಹರಳುಗಟ್ಟಿ ಪೈಪಿನೊಳಗೇ ಕೂರುತ್ತದೆ.

ಈಗ ನಿಮ್ಮ ಕಂಪ್ಯೂಟರ್ ಮಾದರಿಯ ಹೈಬ್ರಿಡ್ ಮಿನಿಬಸ್ಸನ್ನೇ, ಅಂದರೆ ಡೀಸೆಲ್ ಎಂಜಿನ್ ಜೊತೆ ಬ್ಯಾಟರಿಯ ಮೋಟರೂ ಇರುವ ಗಾಡಿಯನ್ನು, ಪುಣೆಯ ಸ್ವಾರ್‌ಗೇಟ್‌ನಿಂದ ಕಾತ್ರಜ್ ಕಡೆಗೆ ಓಡಿಸಿ ನೋಡಿ. ಸಾತಾರಾ ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋಗುವಾಗ ಮೋಟರೇ ಗಾಡಿ ಎಳೆಯುತ್ತದೆ, ಎಂಜಿನ್ ಬಂದ್ ಇರುತ್ತದೆ. ಡೀಸೆಲ್ ಉಳಿಯಿತು, ಸಂತೋಷ. ಆ ಹೊತ್ತಿನಲ್ಲೇ ಕ್ಯಾಟಲಿಸ್ಟ್ ಆರುತ್ತಾ ಬರುತ್ತದೆ. ಕಾತ್ರಜ್ ಚೌಕ ದಾಟಿ ಘಾಟ್ ಶುರುವಾದ ಕೂಡಲೇ ಡ್ರೈವರ್ ಪೆಡಲ್ ಒತ್ತುತ್ತಾನೆ, ಎಂಜಿನ್ ಪೂರ್ತಿ ಭಾರದಲ್ಲಿ ಎದ್ದು ನಿಲ್ಲುತ್ತದೆ. ಸಿಲಿಂಡರಿನೊಳಗೆ ನಾಕ್ಸ್ ಜೋರಾಗಿ ಹುಟ್ಟುವ ಸಮಯ ಅದೇ, ಅದನ್ನು ಕಳೆಯಬೇಕಾದ ಕ್ಯಾಟಲಿಸ್ಟ್ ತಣ್ಣಗಿರುವ ಸಮಯವೂ ಅದೇ. ಇಂಧನ ಉಳಿಸುವ ಕಂಟ್ರೋಲರ್ ಒಂದು ಕಡೆ, ಹೊಗೆ ಶುದ್ಧ ಮಾಡುವ ಕಂಟ್ರೋಲರ್ ಇನ್ನೊಂದು ಕಡೆ ಎಳೆಯುತ್ತವೆ. ಹೈಬ್ರಿಡ್ ಎಂದರೆ ಸ್ವಚ್ಛ ಎಂದು ನಂಬಿರುವ ಓದುಗ ಇಲ್ಲಿ ಎದ್ದು ಕೂರುತ್ತಾನೆ. ನಿಮ್ಮ ಲೇಖನದಲ್ಲಿ ಹೈಬ್ರಿಡ್ ಅರ್ಧ, ಡೀಸೆಲ್ ಹೊಗೆ ಅರ್ಧ ಎಂದು ಬೇರೆ ಬೇರೆ ಮಲಗಿವೆ. ಅವು ಭೇಟಿಯಾಗುವ ಜಾಗ ಈ ಘಾಟಿನ ಬುಡ.

ಮಾದರಿಯ ಭಾಗಕ್ಕೆ ಬರುತ್ತೇನೆ. ಸಮೀಕರಣಗಳ ಮೇಲೆ ನನಗೆ ಮುನಿಸಿಲ್ಲ, ಒಂದೆರಡು ಇರಲಿ. ನನ್ನ ತಕರಾರು ಬೇರೆ: ಮಾದರಿ ಕಟ್ಟುವಾಗ ಏನನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಎಲ್ಲೂ ಹೇಳಿಲ್ಲ. ಎಂಜಿನ್ 2,000 ಆರ್‌ಪಿಎಂನಲ್ಲಿ ಓಡುವಾಗ ನಾಲ್ಕು ಸ್ಟ್ರೋಕ್‌ಗಳ ಒಂದು ಸುತ್ತು 60 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಅದರೊಳಗಿನ ಒಂದೊಂದು ಸಿಡಿತವನ್ನೂ ಲೆಕ್ಕ ಹಿಡಿಯದೆ ಸರಾಸರಿ ತೆಗೆದುಕೊಳ್ಳುವುದು ನೀವು ಬಳಸಿದ ಮೀನ್-ವ್ಯಾಲ್ಯೂ ಮಾದರಿ. ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಕೊಳವೆಯಲ್ಲಿ ಗಾಳಿ ತುಂಬಲು ಸೆಕೆಂಡಿನ ಒಂದಂಶ ಸಾಕು, ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ನೂಕುವ ಟರ್ಬೊ ವೇಗ ಹಿಡಿಯಲು ಸೆಕೆಂಡಿನ ಆಸುಪಾಸು ಬೇಕು, ಕ್ಯಾಟಲಿಸ್ಟ್ ಬಿಸಿಯಾಗಲು ನಿಮಿಷಗಳೇ ಬೇಕು, ಬ್ಯಾಟರಿಯ ಚಾರ್ಜ್ ಇಡೀ ಪ್ರಯಾಣದುದ್ದಕ್ಕೂ ಏರಿಳಿಯುತ್ತದೆ. ಒಂದೇ ಗಾಡಿಯೊಳಗೆ ಇಷ್ಟು ಬೇರೆ ಬೇರೆ ವೇಗದ ಗಡಿಯಾರಗಳು ಓಡುತ್ತಿರುವಾಗ ಯಾವುದನ್ನು ಸೂಕ್ಷ್ಮವಾಗಿ ಹಿಡಿಯಬೇಕು, ಯಾವುದನ್ನು ಸ್ಥಿರ ಎಂದುಕೊಳ್ಳಬಹುದು ಎಂದು ತೀರ್ಮಾನಿಸುವುದೇ ನಿಮ್ಮ ವಿದ್ಯೆ. ಅದನ್ನು ತೋರಿಸಿ.

ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ವ್ಯವಸ್ಥೆ) ಮತ್ತು ಟರ್ಬೊ ಕುರಿತ ಭಾಗ ಚೆನ್ನಾಗಿದೆ. ಎರಡೂ ಒಂದೇ ಹೊಗೆಯನ್ನು ನಂಬಿವೆ, ಇಜಿಆರ್ ವಾಲ್ವ್ ತೆರೆದರೆ ಟರ್ಬೈನಿಗೆ ಹೋಗುವ ಹೊಗೆ ಕಡಿಮೆಯಾಗುತ್ತದೆ, ಆದ್ದರಿಂದ ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ ಎಂದು ಎಷ್ಟು ಸಲೀಸಾಗಿ ವಿವರಿಸಿದ್ದೀರಿ! ವಿಚಾರ ಹಾಗೇ ಇರಲಿ. ಕೆಲವು ವಾಕ್ಯಗಳನ್ನು ಮಾತ್ರ ಒಡೆಯಬೇಕು. ಉದಾಹರಣೆಗೆ ನಿಮ್ಮದು: ‘ನಿಷ್ಕಾಸ ಅನಿಲ ಮರುಪರಿಚಲನಾ ಕವಾಟದ ತೆರೆಯುವಿಕೆಯು ನಿಯಂತ್ರಕದಿಂದ ನಿರ್ಧರಿಸಲ್ಪಡುವ ಮೂಲಕ ದಹನ ತಾಪಮಾನದ ಇಳಿಕೆಯು ಸಾಧಿಸಲ್ಪಡುತ್ತದೆ.’ ನೀವೇ ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ಉಸಿರು ಕಟ್ಟುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ: ‘ಹೊರಗೆ ಹೋಗಬೇಕಾದ ಹೊಗೆಯಲ್ಲಿ ಒಂದು ಪಾಲನ್ನು ಇಜಿಆರ್ ವಾಲ್ವ್ ಮತ್ತೆ ಎಂಜಿನ್ನಿಗೇ ಕಳಿಸುತ್ತದೆ. ಒಳಗೆ ಆಮ್ಲಜನಕ ಕಡಿಮೆಯಾಗುತ್ತದೆ, ಉರಿಯ ಝಳ ಇಳಿಯುತ್ತದೆ, ನಾಕ್ಸ್ ತಗ್ಗುತ್ತದೆ. ಮಸಿ ಮಾತ್ರ ಹೆಚ್ಚುತ್ತದೆ.’ ಆ ಕೊನೆಯ ಮೂರು ಪದ ನಿಮ್ಮ ವಾಕ್ಯದಲ್ಲಿ ಇರಲೇ ಇಲ್ಲ. ನಾಕ್ಸ್ ಇಳಿಸಿದರೆ ಮಸಿ ಏರುತ್ತದೆ, ಮಸಿ ಇಳಿಸಿದರೆ ನಾಕ್ಸ್ ಏರುತ್ತದೆ ಎನ್ನುವುದು ಡೀಸೆಲ್‌ನ ಹುಟ್ಟುಗುಣ, ಅದನ್ನು ಬಿಟ್ಟು ಇಜಿಆರ್ ಬಗ್ಗೆ ಹೇಳಿದರೆ ಅರ್ಧ ಸತ್ಯವಾಗುತ್ತದೆ.

ಅಡಿಟಿಪ್ಪಣಿಯಲ್ಲಿ ಇನ್ನೊಂದು ರತ್ನವಿದೆ. ಹೊಗೆ ಪೈಪಿನ ತುದಿಯ ನಾಕ್ಸ್ ಸೆನ್ಸರ್‌ಗೆ ನಾಕ್ಸ್ ಯಾವುದು, ಅಮೋನಿಯಾ ಯಾವುದು ಎಂಬ ಭೇದ ತಿಳಿಯುವುದಿಲ್ಲ ಎಂದಿದ್ದೀರಿ. ಯೂರಿಯಾ ಕಡಿಮೆ ಬಿದ್ದರೆ ನಾಕ್ಸ್ ಉಳಿಯುತ್ತದೆ, ಹೆಚ್ಚು ಬಿದ್ದರೆ ಅಮೋನಿಯಾ ಸೋರುತ್ತದೆ, ಎರಡಕ್ಕೂ ಸೆನ್ಸರ್ ತೋರಿಸುವುದು ಏರಿದ ಅಂಕಿಯನ್ನೇ. ಹಾಗಿದ್ದರೆ ಕಂಟ್ರೋಲರ್ ಯೂರಿಯಾ ಹೆಚ್ಚಿಸಬೇಕೋ, ಇಳಿಸಬೇಕೋ? ಸ್ವಲ್ಪ ಇಳಿಸಿ ನೋಡುತ್ತದೆ. ಅಂಕಿ ಕೆಳಗಿಳಿದರೆ ಸೋರುತ್ತಿದ್ದದ್ದು ಅಮೋನಿಯಾ, ಮೇಲೇರಿದರೆ ಉಳಿದಿದ್ದದ್ದು ನಾಕ್ಸ್. ನಮ್ಮ ಓದುಗರಲ್ಲಿ ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಟ್ರಕ್ಕು, ಟೆಂಪೊ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಡೀಸೆಲ್ ಟ್ಯಾಂಕಿನ ಪಕ್ಕದ ಡಿಇಎಫ್, ಅಂದರೆ ಈ ಯೂರಿಯಾ ದ್ರಾವಣದ, ಟ್ಯಾಂಕ್ ತುಂಬಿಸುವುದು ಅವರ ದಿನನಿತ್ಯದ ಕೆಲಸ, ಅದು ಖಾಲಿಯಾದರೆ ಎಂಜಿನ್ ಶಕ್ತಿ ಕುಗ್ಗುವುದೂ ಅವರಿಗೆ ಗೊತ್ತು. ಅದರ ಹಿಂದಿನ ಈ ಲೆಕ್ಕಾಚಾರವನ್ನು ಅವರಿಗೆ ಯಾರೂ ಹೇಳಿಲ್ಲ. ಅಡಿಟಿಪ್ಪಣಿಯಿಂದ ಎತ್ತಿ ಒಂದು ಪೂರ್ತಿ ಪುಟ ಕೊಡಿ.

ಎಂಜಿನ್ ಎಷ್ಟು ಎಳೆಯಬೇಕು, ಬ್ಯಾಟರಿ ಎಷ್ಟು ಎಳೆಯಬೇಕು ಎಂದು ಗಳಿಗೆ ಗಳಿಗೆಗೂ ತೀರ್ಮಾನಿಸುವ ಇಸಿಎಂಎಸ್ ವಿಧಾನವನ್ನು ವಿವರಿಸುವಾಗ ‘ಸಮಾನತಾ ಗುಣಾಂಕ’ ಎಂದು ಬರೆದು ಸೂತ್ರ ಕೊಟ್ಟು ಮುಂದೆ ಹೋಗಿದ್ದೀರಿ. ಬ್ಯಾಟರಿಯಿಂದ ತೆಗೆದ ಚಾರ್ಜ್ ಕಿರಾಣಿ ಅಂಗಡಿಯ ಉದ್ರಿ ಇದ್ದ ಹಾಗೆ, ಇವತ್ತಲ್ಲ ನಾಳೆ ಡೀಸೆಲ್ ಸುಟ್ಟೇ ತೀರಿಸಬೇಕು. ಆ ಸಾಲಕ್ಕೆ ಎಷ್ಟು ದರ ಕಟ್ಟಬೇಕು ಎಂಬುದೇ ಆ ಗುಣಾಂಕ. ದರ ತೀರಾ ಕಡಿಮೆ ಇಟ್ಟರೆ ಘಾಟ್ ಬರುವ ಮೊದಲೇ ಬ್ಯಾಟರಿ ಬರಿದಾಗುತ್ತದೆ, ತೀರಾ ಹೆಚ್ಚಿಟ್ಟರೆ ಎಂಜಿನ್ ಸುಮ್ಮನೆ ಓಡುತ್ತಲೇ ಇರುತ್ತದೆ. ಎಲ್ಲ ಸಾಧ್ಯತೆಗಳನ್ನೂ ತೂಗಿ ನೋಡುವ ಡೈನಾಮಿಕ್ ಪ್ರೋಗ್ರಾಮಿಂಗ್ ಎಂಬ ಲೆಕ್ಕದ ವಿಧಾನ ಅತ್ಯುತ್ತಮ ಉತ್ತರ ಕೊಡುತ್ತದೆ, ನಿಜ. ಆದರೆ ಅದಕ್ಕೆ ಇಡೀ ದಾರಿ ಮೊದಲೇ ಗೊತ್ತಿರಬೇಕು. ಸಾತಾರಾ ರಸ್ತೆಯಲ್ಲಿ ಮುಂದಿನ ಸಿಗ್ನಲ್ ಕೆಂಪೋ ಹಸಿರೋ ಎಂದು ಗಾಡಿಯ ಯಾವ ಕಂಪ್ಯೂಟರಿಗೆ (ಇಸಿಯು) ಗೊತ್ತು? ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ. ಡೀಸೆಲ್ಲಿಗೆ, ಬ್ಯಾಟರಿಗೆ ದರ ಕಟ್ಟಿದಂತೆ ನಾಕ್ಸಿಗೂ ಒಂದು ದರ ಕಟ್ಟಿ, ಕ್ಯಾಟಲಿಸ್ಟಿನ ಬಿಸಿಯನ್ನೂ ಲೆಕ್ಕಕ್ಕೆ ತಂದರೆ ಏನಾಗುತ್ತದೆ? ಸಿಗ್ನಲ್ಲಿನಲ್ಲಿ ಒಂದಿಷ್ಟು ಡೀಸೆಲ್ ಸುಟ್ಟಾದರೂ ಎಂಜಿನ್ ಓಡುತ್ತಿರಲಿ ಎಂದು ಕಂಟ್ರೋಲರ್ ತೀರ್ಮಾನಿಸುವ ಗಳಿಗೆ ಬರುತ್ತದೆ. ನೀವು ಸಿಮ್ಯುಲೇಶನ್‌ನಲ್ಲಿ ಆ ಗಳಿಗೆಯನ್ನು ನೋಡಿದ್ದೀರಿ, ನಿಮ್ಮ ಒಂಬತ್ತನೇ ಪುಟದ ಗ್ರಾಫಿನಲ್ಲಿ ಕಾಣುತ್ತದೆ. ಅದರ ಬಗ್ಗೆ ಒಂದು ಸಾಲೂ ಇಲ್ಲ!

ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್‌ನ ಪ್ಲಾನೆಟರಿ ಗೇರಿನ ಭಾಗವನ್ನು ಪೆನ್ನು ಹಿಡಿದು ಓದಿದೆ. ನಡುವಿನ ಸನ್ ಗೇರಿಗೆ 30 ಹಲ್ಲು, ಸುತ್ತಲಿನ ರಿಂಗ್ ಗೇರಿಗೆ 78. ಎಂಜಿನ್ ನಿಂತಿದ್ದು ರಿಂಗ್ 1,000 ಆರ್‌ಪಿಎಂ ತಿರುಗಿದರೆ ಸನ್ ಗೇರು ಉಲ್ಟಾ 2,600 ತಿರುಗಬೇಕು. ಲೆಕ್ಕ ಹಾಕಿದೆ, ಸರಿಬಂತು, ಖುಷಿಯಾಯಿತು. ಆದರೂ ಇಲ್ಲಿ ಬೇಡ. ಅದು ಪೆಟ್ರೋಲ್ ಕಥೆ, ಅದನ್ನು ಬೇರೆ ಲೇಖನ ಮಾಡಿ. ಅದೇ ತತ್ವದ ಇನೋವಾ ಹೈಕ್ರಾಸ್ ಬಿಡದಿಯಲ್ಲೇ ತಯಾರಾಗುತ್ತದೆ, ನಮ್ಮವರಿಗೆ ಹತ್ತಿರದ ಉದಾಹರಣೆ. ಈ ಲೇಖನಕ್ಕೆ ಡೀಸೆಲ್ ಹೈಬ್ರಿಡ್ ಉದಾಹರಣೆಗಳೇ ಸಾಕು: 2015ರಲ್ಲಿ ಬಂದ ಮಾರುತಿ ಸಿಯಾಜ್‌ನ ಮೈಲ್ಡ್ ಹೈಬ್ರಿಡ್ (ಮೋಟರ್ ಎಂಜಿನ್ನಿಗೆ ನೆರವು ಮಾತ್ರ ಕೊಡುವಂಥದ್ದು), ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ ಬಂದ ಟಾಟಾ ಹೈಬ್ರಿಡ್ ಬಸ್ಸುಗಳು.

ಇನ್ನು ಕಠಿಣ ಮಾತು. ‘ಮಾದರಿಯ ಫಲಿತಾಂಶ ಪ್ರಯೋಗದೊಂದಿಗೆ ಚೆನ್ನಾಗಿ ತಾಳೆಯಾಗಿದೆ’ ಎಂದು ಬರೆದಿದ್ದೀರಿ. ಯಾವ ಸೈಕಲ್‌ನಲ್ಲಿ, ಅಂದರೆ ಪರೀಕ್ಷೆಗೆಂದು ಗೊತ್ತುಮಾಡಿದ ಯಾವ ಓಟದ ಕ್ರಮದಲ್ಲಿ? ಭಾರತದ ಎಂಐಡಿಸಿ ಸೈಕಲ್‌ನಲ್ಲಿ ವೇಗ 90 ಕಿ.ಮೀ. ದಾಟುವುದಿಲ್ಲ, ಏರು ದಾರಿಯೂ ಇಲ್ಲ. 2020ರ ಏಪ್ರಿಲ್ 1ರಂದು ದೇಶ ಬಿಎಸ್-4 ಹೊಗೆ ನಿಯಮದಿಂದ ನೇರ ಬಿಎಸ್-6ಕ್ಕೆ ಜಿಗಿದಾಗ ಡೀಸೆಲ್ ಕಾರಿನ ನಾಕ್ಸ್ ಮಿತಿ ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ ಇಳಿಯಿತು, ಕಣಗಳ ಮಿತಿ 25ರಿಂದ 4.5ಕ್ಕೆ. 2023ರ ಏಪ್ರಿಲ್‌ನಿಂದ ನಿಜವಾದ ರಸ್ತೆಯ ಮೇಲೂ ಅಳೆಯಬೇಕೆಂಬ ನಿಯಮ ಬಂತು. ಯಾಕೆ ಬಂತು ಎಂದು ಹೇಳಬೇಕಾದರೆ ಫೋಕ್ಸ್‌ವ್ಯಾಗನ್ ಪ್ರಕರಣವನ್ನು ಬಿಡುವಂತಿಲ್ಲ. ನೀವು ಪೂರ್ತಿ ಬಿಟ್ಟಿದ್ದೀರಿ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಬಯಲು ಮಾಡಿದ್ದು ಇದನ್ನೇ: ಸ್ಟೀರಿಂಗ್ ಸ್ಥಿತಿ, ವೇಗ, ಎಂಜಿನ್ ಓಡಿದ ಅವಧಿ, ಗಾಳಿಯ ಒತ್ತಡ ನೋಡಿ ‘ಇದು ಪರೀಕ್ಷೆ’ ಎಂದು ಗುರುತಿಸುವ ಸಾಫ್ಟ್‌ವೇರ್. ರಸ್ತೆಗಿಳಿದರೆ ನಾಕ್ಸ್ ಮಿತಿಯ 40 ಪಟ್ಟಿನವರೆಗೆ. ಆ ಸಾಫ್ಟ್‌ವೇರ್ ಬರೆದವರ ಹತ್ತಿರ ಇದ್ದದ್ದೂ ನಿಮ್ಮ ವಿದ್ಯೆಯೇ, ಮಾದರಿ ಮತ್ತು ನಿಯಂತ್ರಣ. ವೇತಾಳ ಟೇಕಡಿಗೆ ವಾಕಿಂಗ್ ಹೋಗುವ ನಮ್ಮ ಓದುಗರು ದಿನಾ ವಾಹನಗಳನ್ನು ಪರೀಕ್ಷಿಸುವ ಸಂಸ್ಥೆಯಾದ ಎಆರ್‌ಎಐ ಗೇಟನ್ನು ನೋಡುತ್ತಾರೆ, ಒಳಗೆ ಪರೀಕ್ಷೆ ನಡೆಯುತ್ತದೆ ಎಂದೂ ಅವರಿಗೆ ಗೊತ್ತು. ‘ಪರೀಕ್ಷೆ ಪಾಸಾದ ಗಾಡಿ ರಸ್ತೆಯಲ್ಲೂ ಹಾಗೇ ಇರುತ್ತದಾ?’ ಎಂದು ಅವರು ಕೇಳಿಯೇ ಕೇಳುತ್ತಾರೆ. ಒಳಗಿನವರಾದ ನೀವು ಅದಕ್ಕೆ ಮುಖಕೊಟ್ಟು ಉತ್ತರಿಸಬೇಕು. ನಿಮ್ಮ ಮಾದರಿ ಎಲ್ಲಿ ತಪ್ಪುತ್ತದೆ, ತಣ್ಣನೆ ಎಂಜಿನ್ನಿನಲ್ಲೋ, ಘಾಟಿನಲ್ಲೋ, ಹಳೆಯದಾದ ಕ್ಯಾಟಲಿಸ್ಟಿನಲ್ಲೋ, ಅದನ್ನೂ ಬರೆಯಿರಿ. ತಪ್ಪುವ ಜಾಗ ಹೇಳಿದ ಲೇಖಕನ ಉಳಿದ ಮಾತನ್ನು ಜನ ನಂಬುತ್ತಾರೆ.

ಹದಿನೈದು ನೂರು ಪದ ಮೀರದಿರಲಿ. ಒಂದೇ ಗ್ರಾಫ್ ಸಾಕು: ಮೇಲೆ ಎಂಜಿನ್ ಆನ್-ಆಫ್, ಕೆಳಗೆ ಕ್ಯಾಟಲಿಸ್ಟಿನ ಬಿಸಿ, ಅಡ್ಡಕ್ಕೆ ಸ್ವಾರ್‌ಗೇಟ್‌ನಿಂದ ಘಾಟಿನವರೆಗಿನ ದೂರ. ಕಂಪನಿಯ ಅಳತೆಗಳನ್ನು ಬಳಸುವುದಾದರೆ ಮೊದಲು ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ, ಸಿಗದಿದ್ದರೆ ಸಿಮ್ಯುಲೇಶನ್ ಅಂಕಿಗಳನ್ನೇ ಕೊಟ್ಟು ಹಾಗೆಂದು ಸ್ಪಷ್ಟವಾಗಿ ನಮೂದಿಸಿ. ಗಣೇಶ ಚೌತಿಯೊಳಗೆ ಕೈಸೇರಿದರೆ ದೀಪಾವಳಿ ಅಂಕಕ್ಕೆ ಜಾಗ ಕಾದಿರಿಸುತ್ತೇನೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅರ್ಧ ಬರೆದದ್ದನ್ನೇ ಕಳಿಸಿ, ಕೂತು ಮಾತಾಡೋಣ.

ವಿಶ್ವಾಸದಿಂದ,
ಸಂಪಾದಕ