ಒಗ್ಗರಣೆಗೆ ಮುಂಚೆ ನಾಯಿ ಪಾಲು ತೆಗೆದಿಡಿ

ನಿಮ್ಮ ಎರಡು ವರ್ಷದ ನಾಯಿ ಅಂಗಡಿಯ ಡಾಗ್ ಫುಡ್ ಮೂಸಿಯೂ ನೋಡಲ್ಲ, ನಾವು ತಿನ್ನೋದನ್ನೇ ಹಾಕಿದರೆ ಸಾಕಾ, ಬಿಸ್ಕತ್ತೂ ಮನೆಯಲ್ಲೇ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ಮನೆಯಲ್ಲಿ ಮಾಡಿದ್ದು ಬೇರೆ, ನಾವು ತಿನ್ನೋದು ಬೇರೆ. ಇದು ನನಗೆ ಅರ್ಥ ಆಗೋಕೆ ಒಂದು ವರ್ಷ ಹಿಡಿಯಿತು.

ನಮ್ಮದು ಚಿಕ್ಕಬಳ್ಳಾಪುರದ ಪಕ್ಕದ ಹಳ್ಳಿ. ಚುಕ್ಕಿ ಬೀದಿಯಲ್ಲಿ ಸಿಕ್ಕಿದ ನಾಡ ನಾಯಿ, ಈಗ 12 ಕೆ.ಜಿ. ಮೊದಲ ವರ್ಷ ಅವಳಿಗೆ ಬೆಳಿಗ್ಗೆ ಹಾಲನ್ನ, ರಾತ್ರಿ ಮುದ್ದೆ ಮತ್ತು ಉಳಿದ ಸಾರು. ಹೊಟ್ಟೆ ತುಂಬಾ ತಿನ್ನುತ್ತಿದ್ದಳು, ಮೈಯೂ ಬಂತು. ಕೂದಲು ಮಾತ್ರ ತೆಂಗಿನ ನಾರಿನ ಥರ, ವಾರಕ್ಕೆರಡು ಸಲ ಭೇದಿ. ಡಾಕ್ಟರು ಏನು ಹಾಕ್ತೀರಿ ಅಂತ ಕೇಳಿದರು. ಹೇಳಿದೆ. "ಮುದ್ದೆಗೆ ಬೈಬೇಡಿ, ಸಾರು ನಿಲ್ಲಿಸಿ" ಅಂದರು.

ನಿಜ. ಚೆನ್ನಾಗಿ ಬೆಂದ ರಾಗಿ, ಅಕ್ಕಿ ನಾಯಿಗೆ ಅರಗುತ್ತವೆ. ಮನುಷ್ಯರ ಜೊತೆ ಸಾವಿರಾರು ವರ್ಷ ಬದುಕಿ, ಗಂಜಿ ಅರಗಿಸಿಕೊಳ್ಳುವ ಶಕ್ತಿ ತೋಳಕ್ಕಿಂತ ನಾಯಿಗೆ ಜಾಸ್ತಿ ಆಗಿದೆ. ತೊಂದರೆ ಇರೋದು ಸಾರಿನಲ್ಲಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಪುಡಿ ಮಾಡಿದರೂ ಅಷ್ಟೇ. ದಿನಾ ಸ್ವಲ್ಪ ಸ್ವಲ್ಪ ಹೋದರೂ ರಕ್ತಹೀನತೆ ಬರಬಹುದು. ಬಸ್ಸಾರಿನಲ್ಲಿ ಇವೆರಡನ್ನೂ ಬಿಟ್ಟರೆ ಉಳಿಯೋದೇನು ಹೇಳಿ.

ಇನ್ನೊಂದು ಶತ್ರು ನಮ್ಮ ಸುತ್ತಲೇ ಬೆಳೆಯುತ್ತೆ. ದ್ರಾಕ್ಷಿ. ಹಸಿಯದಾಗಲಿ, ಒಣದ್ರಾಕ್ಷಿಯಾಗಲಿ, ನಾಯಿಯ ಕಿಡ್ನಿ ಕೆಡಿಸುತ್ತೆ. ಕೆಲವು ನಾಯಿಗಳಿಗೆ ನಾಲ್ಕೈದು ತಿಂದರೂ ಸಾಕು. ನಮ್ಮ ಮನೆಯ ಸತ್ಯನಾರಾಯಣ ಪೂಜೆ ದಿನ ಯಾರೋ ಸಜ್ಜಿಗೆ ಬಟ್ಟಲನ್ನು ಜಗಲಿ ಮೇಲೆ ಇಟ್ಟಿದ್ದರು. ಚುಕ್ಕಿ ನೆಕ್ಕಿ ಮುಗಿಸಿದಳು, ದ್ರಾಕ್ಷಿ ಸಮೇತ. ಮುಕ್ಕಾಲು ಗಂಟೆಯೊಳಗೆ ಡಾಕ್ಟರ ಹತ್ತಿರ ಓಡಿದೆವು. ವಾಂತಿ ಮಾಡಿಸಿ, ಎರಡು ದಿನ ಡ್ರಿಪ್ ಹಾಕಿದರು, ಉಳಿದಳು. ದ್ರಾಕ್ಷಿ ನಾಯಿಗೆ ವಿಷ ಆಗೋಕೆ ಕಾರಣ ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಇರಬಹುದು ಅಂತ 2021ರಲ್ಲಿ ಅಮೆರಿಕದ ಪಶುವೈದ್ಯರು ಬರೆದರು. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ತುಂಬಾ ಇದೆ. ಅಲ್ಲಿಗೆ ಹುಳಿಯೂ ಮುಗಿಯಿತು.

ಹಾಗಾಗಿ ಈಗ ನಮ್ಮಲ್ಲಿ ಒಂದೇ ನಿಯಮ. ಬೇಳೆ, ತರಕಾರಿ ಬೆಂದ ಮೇಲೆ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಹುಳಿ, ಖಾರ, ಒಗ್ಗರಣೆ ಬೀಳೋಕೆ ಮುಂಚೆ ಚುಕ್ಕಿ ಪಾಲು ಬೇರೆ ಪಾತ್ರೆಗೆ.

ಚುಕ್ಕಿಗೆ ಒಂದು ದಿನದ ಅಳತೆ ಹೇಳುತ್ತೇನೆ: ಮೂಳೆ ಇಲ್ಲದ ಕೋಳಿ 200 ಗ್ರಾಂ, ಒಂದು ಮೊಟ್ಟೆ, ಅಕ್ಕಿ 60 ಗ್ರಾಂ, ರಾಗಿ ಹಿಟ್ಟು 30 ಗ್ರಾಂ, ಸಿಹಿಗುಂಬಳ ಅಥವಾ ಕ್ಯಾರೆಟ್ ಒಂದು ಹಿಡಿ, ಒಂದು ಚಮಚ ಎಣ್ಣೆ. ಎಲ್ಲ ಸೇರಿ ಸುಮಾರು 700 ಕ್ಯಾಲರಿ, ಎರಡು ಹೊತ್ತಿಗೆ. ನಮ್ಮ ಅತ್ತೆ ಮಾಂಸವನ್ನು ಅಡುಗೆಮನೆಗೆ ಬಿಡಲ್ಲ, ಹಿತ್ತಲಿನ ಸೌದೆ ಒಲೆಯಲ್ಲೇ ಬೇಯಿಸೋದು. "ನಾಯಿಗೂ ಗ್ರಾಂ ಲೆಕ್ಕಾನಾ? ನಮ್ಮ ಕಾಲದಲ್ಲಿ ಎಸೆದಿದ್ದನ್ನ ತಿಂದು ಬಾಗಿಲು ಕಾಯ್ತಿತ್ತು" ಅಂತ ಗೊಣಗುತ್ತಾರೆ. ಗೊಣಗುತ್ತಲೇ ಒಲೆಗೆ ಸೌದೆ ತಳ್ಳೋದೂ ಅವರೇ.

ಎಲ್ಲರೂ ಮರೆಯೋದು ಸುಣ್ಣದಂಶ. ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಊಟದಲ್ಲಿ ಸಿಗದಿದ್ದರೆ ದೇಹ ಅದನ್ನು ತನ್ನ ಮೂಳೆಯಿಂದಲೇ ಎಳೆದುಕೊಳ್ಳುತ್ತೆ. ರಾಗಿಯಲ್ಲಿ ಇದೆಯಲ್ಲ ಅಂತ ನಾನೂ ಅಂದುಕೊಂಡಿದ್ದೆ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಆದರೆ ನಾವು ಹಾಕೋದು 30 ಗ್ರಾಂ, ಅದರಲ್ಲೂ ಮೈಗೆ ಹತ್ತೋದು ಸ್ವಲ್ಪ. ಮೊಟ್ಟೆ ಸಿಪ್ಪೆ ತೊಳೆದು, ತವಾದಲ್ಲಿ ಹುರಿದು, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಡಿ. ಚುಕ್ಕಿಗೆ ದಿನಕ್ಕೆ ಅರ್ಧ ಟೀ ಚಮಚ. ಸತು, ಅಯೋಡಿನ್, ವಿಟಮಿನ್ ಡಿ ಇಷ್ಟರಿಂದ ಸಿಗಲ್ಲ, ಅದಕ್ಕೆ ಡಾಕ್ಟರು ಬರೆದುಕೊಟ್ಟ ಪುಡಿ ಬೆರೆಸುತ್ತೇವೆ. ಬೆಳೆಯುವ ಮರಿಗಂತೂ ಈ ಅಳತೆ ಹಿಡಿಯಬೇಡಿ, ಅವುಗಳ ಲೆಕ್ಕ ಬೇರೆ. ಬೇಯಿಸಿದ ಕೋಳಿ ಮೂಳೆ ಯಾವ ವಯಸ್ಸಿನ ನಾಯಿಗೂ ಬೇಡ. ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತೆ.

ಹೊಸ ಊಟಕ್ಕೆ ಒಂದೇ ದಿನ ಹಾರಬೇಡಿ. ವಾರ ಹತ್ತು ದಿನದಲ್ಲಿ ನಿಧಾನಕ್ಕೆ ಬದಲಿಸಿ, ತಿಂಗಳಿಗೊಮ್ಮೆ ತೂಕ ನೋಡಿ.

ಇನ್ನು ಬಿಸ್ಕತ್ತು. ಒಂದು ಕಪ್ ರಾಗಿ ಹಿಟ್ಟು, ಅರ್ಧ ಕಪ್ ಬೇಯಿಸಿ ಮಸೆದ ಗೆಣಸು, ಒಂದು ಮೊಟ್ಟೆ, ಹುರಿದ ಕಡಲೆಕಾಯಿ ಬೀಜದ ಪುಡಿ ಎರಡು ಚಮಚ. ಡಬ್ಬಿಯ ಪೀನಟ್ ಬಟರ್ ಬೇಡ. ಕೆಲವದರಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರುತ್ತೆ, ಅದು ನಾಯಿಗೆ ವಿಷ. ಬೀಜ ನಾವೇ ಹುರಿದು ಪುಡಿ ಮಾಡಿಕೊಂಡರೆ ಆ ಯೋಚನೆಯೇ ಇಲ್ಲ. ಹಿಟ್ಟನ್ನು ಚಪಾತಿಗಿಂತ ದಪ್ಪಗೆ ಲಟ್ಟಿಸಿ, ಹೆಬ್ಬೆರಳ ಉಗುರಿನಷ್ಟು ಚೂರು ಕತ್ತರಿಸಿ. ಓವನ್ ಇಲ್ಲದಿದ್ದರೆ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್, ವಿಷಲ್ ತೆಗೆದು ಹತ್ತು ನಿಮಿಷ ಕಾಯಿಸಿ. ಆಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಅರವತ್ತು ಚೂರು ಬರುತ್ತವೆ, ಒಂದೊಂದಕ್ಕೆ ಹತ್ತು ಹನ್ನೊಂದು ಕ್ಯಾಲರಿ. ತಿನಿಸು ದಿನದ ಊಟದ ಹತ್ತರಲ್ಲಿ ಒಂದು ಪಾಲು ದಾಟಬಾರದು, ಅಂದರೆ ಚುಕ್ಕಿಗೆ ಆರು. ಫ್ರಿಜ್‌ನಲ್ಲಿ ವಾರ ಇರುತ್ತೆ.

ಉಪ್ಪಿಲ್ಲ, ಸಕ್ಕರೆ ಇಲ್ಲ, ಮನೆಯಲ್ಲಿ ಯಾರೂ ಮುಟ್ಟಲ್ಲ ಅಂತ ಡಬ್ಬಿಗೆ ಹೆಸರು ಬರೆದಿರಲಿಲ್ಲ. ನಮ್ಮ ಮಾವನವರು ಮೂರು ದಿನ ಕಾಫಿಗೆ ಅದ್ದಿಕೊಂಡು ತಿಂದಿದ್ದಾರೆ. ನಾಲ್ಕನೇ ದಿನ ಬಂದು "ಸ್ವಲ್ಪ ಸಪ್ಪೆ ಆಯ್ತಮ್ಮ" ಅಂದರು.