ಮಗಳಿಗೆ ಡಿಬಿಟಿ ಕೊಡಿಸಿ ಅಂದಿದ್ದಾರೆ, ಹಾಗಂದ್ರೇನು?

ಪ್ರಶ್ನೆ: ಮೇಡಂ, ಮಗಳಿಗೆ 22 ವರ್ಷ. ಸಣ್ಣ ಮಾತಿಗೂ ಸಿಡಿದೇಳುತ್ತಾಳೆ, ಗಂಟೆ ಬಿಟ್ಟು ಬಂದು ತಬ್ಬಿಕೊಂಡು ಅಳುತ್ತಾಳೆ. ಎರಡು ಸಲ ತನಗೆ ತಾನೇ ಗಾಯ ಮಾಡಿಕೊಂಡಿದ್ದಾಳೆ. ಡಾಕ್ಟರು ಡಿಬಿಟಿ ಕೊಡಿಸಿ ಅಂದರು. ಕೂರಿಸಿ ಬುದ್ಧಿ ಹೇಳುವುದಾ? ಅದನ್ನು ನಾವೇ ಹೇಳಿ ಹೇಳಿ ಬಾಯಿ ಒಣಗಿದೆ.
– ಒಬ್ಬ ತಾಯಿ, ಹಾಸನ

ಉತ್ತರ: ಅಲ್ಲಮ್ಮ. ಬುದ್ಧಿಮಾತಿಗೆ ಬಗ್ಗುವಂಥದ್ದಾಗಿದ್ದರೆ ಇಷ್ಟು ಹೊತ್ತಿಗೆ ಸರಿಹೋಗಿರುತ್ತಿತ್ತು, ಅಲ್ವಾ? ಡಿಬಿಟಿ ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಮಾತು ಮತ್ತು ಅಭ್ಯಾಸದ ಮೂಲಕ ಕೊಡುವ ಒಂದು ಮಾನಸಿಕ ಚಿಕಿತ್ಸೆ. ಹೆಸರು ಬಾಯಿಗೆ ಬರದಿದ್ದರೂ ಚಿಂತೆಯಿಲ್ಲ. ಇದನ್ನು ರೂಪಿಸಿದ್ದು ಅಮೆರಿಕದ ಸಿಯಾಟಲ್‌ನ ಮನಃಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಹದಿಹರೆಯದಲ್ಲಿ ಆಕೆಯೂ ಗಾಯ ಮಾಡಿಕೊಳ್ಳುತ್ತಾ ಆಸ್ಪತ್ರೆ ಸೇರಿದ್ದವರು, ಅದನ್ನು ಎಲ್ಲರೆದುರು ಹೇಳಿಕೊಂಡಿದ್ದು ಮಾತ್ರ 2011ರಲ್ಲಿ. ಬರೀ 'ಬದಲಾಗು' ಅಂದರೆ ನೊಂದವರು ಎದ್ದು ಹೋಗುತ್ತಾರೆ, ಬರೀ 'ನಿನ್ನ ನೋವು ಅರ್ಥವಾಗುತ್ತೆ' ಅಂದರೆ ಇದ್ದಲ್ಲೇ ಇರುತ್ತಾರೆ. ಎರಡನ್ನೂ ಒಟ್ಟಿಗೆ ಹಿಡಿಯುವುದೇ ಇದರ ಗುಟ್ಟು.

ಬಾರ್ಡರ್‌ಲೈನ್ ಪರ್ಸನಾಲಿಟಿ ತೊಂದರೆಗೆ (ಭಾವನೆಗಳು, ಸಂಬಂಧಗಳು ಹತೋಟಿಗೆ ಸಿಗದೆ ಏರುಪೇರಾಗುವ ಮಾನಸಿಕ ಸಮಸ್ಯೆ), ಸಾಯುವ ಯೋಚನೆ ಬಿಡದೆ ಕಾಡುವವರಿಗೆ ಇದು ಹೆಚ್ಚು ಬಳಕೆಯಲ್ಲಿದೆ. ಮಿತಿಮೀರಿ ತಿನ್ನುವವರಿಗೆ, ಡ್ರಗ್ಸ್ ಚಟಕ್ಕೂ ಕೊಡುತ್ತಾರೆ. ನಿಮ್ಮ ಮಗಳಿಗೆ ಇಂಥದ್ದೇ ಅಂತ ಪತ್ರ ಓದಿ ನಾನು ಹೇಳಲಾರೆ.

ವಾರಕ್ಕೊಮ್ಮೆ ಥೆರಪಿಸ್ಟ್ ಜೊತೆ ಮಾತು, ಇನ್ನೊಮ್ಮೆ ಗುಂಪಿನಲ್ಲಿ ಕ್ಲಾಸು, ತಡೆಯಲಾಗದಾಗ ಫೋನು. ಹೋಂವರ್ಕೂ ಇದೆ! ಇವತ್ತು ಸಿಟ್ಟು ಐದಕ್ಕೆ ಎಷ್ಟು, ಗಾಯ ಮಾಡಿಕೊಳ್ಳಬೇಕು ಅನಿಸಿತಾ, ಅನಿಸಿದಾಗ ಕಲಿತದ್ದರಲ್ಲಿ ಏನು ಮಾಡಿದೆ ಅಂತ ದಿನಾ ಒಂದು ಕಾರ್ಡಿನಲ್ಲಿ ಬರೆಯಬೇಕು. ಕಲಿಸುವುದರಲ್ಲಿ ಒಂದು ಹೇಳ್ತೀನಿ. ಸಿಟ್ಟು ನೆತ್ತಿಗೇರಿದಾಗ ತಣ್ಣೀರಿನ ಬೋಗುಣಿಯಲ್ಲಿ ಉಸಿರು ಹಿಡಿದು ಮುಖ ಅದ್ದುವುದು, ಅರ್ಧ ನಿಮಿಷ ಸಾಕು. ಮುಖಕ್ಕೆ ತಣ್ಣೀರು ತಾಕಿದರೆ ಎದೆಬಡಿತ ನಿಧಾನವಾಗುತ್ತದೆ. (ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬಾರದು.) ಜಗಳ ಅಲ್ಲಿಗೆ ಮುಗಿಯುವುದಿಲ್ಲ, ಆದರೆ ಆ ಕ್ಷಣಕ್ಕೆ ಕೈ ತಡೆಯುತ್ತದೆ.

ಸಾಮಾನ್ಯವಾಗಿ ವರ್ಷ ಹಿಡಿಯುತ್ತದೆ. ಇದನ್ನು ಪೂರ್ತಿ ಕಲಿತವರು ನಮ್ಮಲ್ಲಿ ಜಾಸ್ತಿ ಇಲ್ಲ, ಆದ್ದರಿಂದ ಎಲ್ಲಿ ತರಬೇತಿ ಪಡೆದಿದ್ದೀರಿ, ಗುಂಪಿನ ಕ್ಲಾಸು ಇದೆಯಾ ಅಂತ ಸಂಕೋಚಪಡದೆ ಕೇಳಿ.

ಇನ್ನು ನಿಮ್ಮ ಪಾಲಿನದು. ಅವಳು ಅತ್ತಾಗ 'ಇಷ್ಟಕ್ಕೆಲ್ಲ ಅಳ್ತಾರಾ' ಅನ್ನುವುದನ್ನು ಇವತ್ತೇ ಬಿಡಿ. 'ತುಂಬಾ ಬೇಜಾರಾಗಿದೆ ಅಲ್ವಾ' ಅಂದು ಪಕ್ಕದಲ್ಲಿ ಕೂರಿ. ಹಾಗಂದ ಮಾತ್ರಕ್ಕೆ ಅವಳು ಮಾಡಿದ್ದೆಲ್ಲ ಸರಿ ಅಂತ ಒಪ್ಪಿದ ಹಾಗಲ್ಲ. ಸಾಯುವ ಮಾತೆತ್ತಿದರೆ ಒಬ್ಬಳನ್ನೇ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.